ಕೇಬಲ್ಲಿಗೆ ಕಟ್ಟಿದ ನೂಲು

ನೀಲಿ ಕೇಬಲ್ಲಿಗೆ ನಾನು ಕಟ್ಟಿದ್ದ ಬಿಳಿ ನೂಲು ಹಾಗೆಯೇ ಇತ್ತು. ಗಂಟಿನ ಎರಡು ತುದಿಗಳಲ್ಲಿ ಒಂದನ್ನು ಬೇಕೆಂದೇ ಸೀಳಿ ಎರಡು ಎಳೆ ಮಾಡಿದ್ದೆ. ಆ ಸೀಳು ಕೂಡ ಬದಲಾಗಿರಲಿಲ್ಲ. ಕೇಬಲ್ಲನ್ನು ಕಂಪ್ಯೂಟರಿನಿಂದ ಕಿತ್ತು ಮತ್ತೆ ಸಿಕ್ಕಿಸಬೇಕಾದರೆ ಆ ನೂಲು ತುಂಡಾಗಲೇಬೇಕಿತ್ತು. ಆದರೆ ಹಿಂದಿನ ದಿನ ಮುಸ್ಸಂಜೆಗೆ ಕೇಬಲ್ಲಿನ ಸಂಪರ್ಕ ತಪ್ಪಿತ್ತು, ಬೆಳಿಗ್ಗೆ ಮತ್ತೆ ಕೂಡಿಕೊಂಡಿತ್ತು ಎಂದು ಅದೇ ಕಂಪ್ಯೂಟರು ತನ್ನ ಪಾಡಿಗೆ ಬರೆದಿಟ್ಟಿತ್ತು. ನೂಲು ಒಂದು ಹೇಳುತ್ತಿತ್ತು, ಯಂತ್ರ ಇನ್ನೊಂದು. ಪ್ಯಾಸೇಜಿನ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು, ನೂಲನ್ನು ಬಿಚ್ಚಿ ಅದೇ ರೀತಿ ಮತ್ತೆ ಕಟ್ಟುವಷ್ಟು ತಾಳ್ಮೆ ಈ ಆಫೀಸಿನಲ್ಲಿ ಯಾರಿಗಿರಬಹುದು ಎಂದು ಯೋಚಿಸಿದೆ. ನೆನಪಾದ ಮುಖ ಒಂದೇ.

ಇದು ಮೂಡಬಿದ್ರೆಯಲ್ಲಿ, ನಮ್ಮ ಕಡೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲಿ ನಡೆದದ್ದು. ನಾನು ಕೆಲಸಕ್ಕಿದ್ದ ವ್ಯಾಪಾರದ ಮನೆಯವರು ಕೊಲ್ಲಿ ದೇಶಗಳಲ್ಲಿ ನಮ್ಮೂರವರು ನಡೆಸುವ ದಿನಸಿ ಅಂಗಡಿಗಳಿಗೆ ಕುಚ್ಚಲಕ್ಕಿ, ಹಪ್ಪಳ, ಉಪ್ಪಿನಕಾಯಿ ಕಳಿಸುತ್ತಿದ್ದರು. ಅಕ್ಕಿಯ ಮಿಲ್ಲು ಸಿದ್ಧಕಟ್ಟೆಯಲ್ಲಿ. ಆಫೀಸು ಮೂಡಬಿದ್ರೆಯ ಧಣಿಗಳ ಮನೆಯ ಮುಂಭಾಗದಲ್ಲಿ. ಆಫೀಸಿನಿಂದ ಮನೆಯೊಳಗೆ ಹೋಗಲು ಒಂದು ಉದ್ದನೆಯ ಪ್ಯಾಸೇಜು, ಅದಕ್ಕೆ ಕಿಟಕಿಯಿಲ್ಲ. ಹಗಲಿನಲ್ಲೂ ಅಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಧಣಿಗಳು ಜೈನರು, ಹಳೆಯ ಮನೆತನ. ಅವರೂ ಅವರ ವಯಸ್ಸಾದ ತಾಯಿಯೂ ಒಳಗೆ ಇದ್ದರು. ನಾನು ವಿಶ್ವವಿದ್ಯಾನಿಲಯದಲ್ಲಿ ಕಂಪ್ಯೂಟರ್ ಓದಿ ಮುಗಿಸಿ, ಮುಂಡಾಜೆಯ ನಮ್ಮ ಮನೆಯಿಂದ ಬೆಳ್ತಂಗಡಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮೂಡಬಿದ್ರೆಗೆ ಬಂದು ಹೋಗಿ ಮಾಡುತ್ತಿದ್ದೆ. ಆ ಬಸ್ಸು ತಪ್ಪಿದರೆ ಮನೆ ಮುಟ್ಟುವುದು ಕಷ್ಟವಾದ್ದರಿಂದ ನಾನು ಆಫೀಸಿನಲ್ಲಿ ಸಂಜೆಯನ್ನು ಕಂಡವಳಲ್ಲ. ಬೆಳಕಿರುವಾಗಲೇ ಹೊರಟುಬಿಡುತ್ತಿದ್ದೆ.

ನನ್ನನ್ನು ತೆಗೆದುಕೊಂಡದ್ದು ಮೇಲ್ ಸರ್ವರ್ ನೋಡಿಕೊಳ್ಳಲು. ಮಂಗಳೂರಿನಿಂದ ಬಂದ ಯಾರೋ ಅದನ್ನು ಕೂರಿಸಿ, ನಕ್ಷೆಯೊಂದನ್ನು ಬರೆದು ಗೋಡೆಗೆ ಅಂಟಿಸಿ ಹೋಗಿದ್ದರು. ಆಮೇಲೆ ಅವರು ಫೋನಿಗೆ ಸಿಕ್ಕಿದ್ದಿಲ್ಲ. ನಾನು ಸೇರುವಾಗ ಕಸದ ಮೇಲ್‌ಗಳ ಕಾಟ ಹೇಳತೀರದಷ್ಟು ಇತ್ತು. ಲಾಟರಿ, ಔಷಧಿ, ಓದಲಾಗದ ಭಾಷೆಗಳ ಜಾಹೀರಾತು, ಅವುಗಳ ನಡುವೆ ಎಲ್ಲೋ ಒಂದು ಕುಚ್ಚಲಕ್ಕಿಯ ಆರ್ಡರು. ನಾನು ಮಾಡಿದ ಮೊದಲ ಕೆಲಸ ಸ್ಪ್ಯಾಮ್ ಫಿಲ್ಟರನ್ನು ಚುರುಕು ಮಾಡಿದ್ದು. ಪ್ರತಿಯೊಂದು ಮೇಲ್ ಬಂದಾಗಲೂ ಅದು ಹೊರಗಿನ ಕೆಲವು ಕಪ್ಪುಪಟ್ಟಿಗಳನ್ನು ಕೇಳುತ್ತಿತ್ತು: ಇದನ್ನು ಕಳಿಸಿದವರು ನಿಮಗೆ ಗೊತ್ತೇ, ಕೆಟ್ಟವರೇ ಎಂದು. ಕೇಳುವುದು ನೇರವಾಗಿ ಅಲ್ಲ. ಪ್ಯಾಸೇಜಿನ ಸ್ಟ್ಯಾಂಡಿನ ಮೇಲೆ ಇಟ್ಟಿದ್ದ ಒಂದು ಹಳೆಯ ಕಂಪ್ಯೂಟರು ಆ ಪ್ರಶ್ನೆಗಳನ್ನು ಹೊರಗೆ ಒಯ್ದು ಉತ್ತರ ತರುತ್ತಿತ್ತು. ಉತ್ತರ ಬಂದರೆ ಮೇಲ್ ಒಳಗೆ. ಬರದಿದ್ದರೆ ಫಿಲ್ಟರು ಕಾಯುತ್ತದೆ, ಇನ್ನೊಂದು ಪಟ್ಟಿಯನ್ನು ಕೇಳಿ ಮತ್ತೆ ಕಾಯುತ್ತದೆ, ಕೊನೆಗೆ ಹೊತ್ತು ಮೀರಿತೆಂದು ಬರೆದು ಕೈಬಿಡುತ್ತದೆ. ಆಗ ಸರ್ವರು ಮೇಲನ್ನು ತೆಗೆದುಕೊಳ್ಳದೆ, ಆಮೇಲೆ ಬಾ ಎಂದು ಬಾಗಿಲಿನಿಂದಲೇ ಕಳಿಸಿಬಿಡುತ್ತದೆ.

ಆಫೀಸಿನ ಉಳಿದ ಕಂಪ್ಯೂಟರುಗಳಿಗೆ ಆ ಹಳೆಯದರ ಹಂಗಿರಲಿಲ್ಲ. ಹಾಗಾಗಿ ಅದು ಮಾತು ನಿಲ್ಲಿಸಿದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಲ್ ಮಾತ್ರ ಬರುತ್ತಿರಲಿಲ್ಲ.

ಕೊಲ್ಲಿಯ ಅಂಗಡಿಗಳ ಜೊತೆಗಿನ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಫರಂಗಿಪೇಟೆಯ ಒಬ್ಬರು ಬ್ಯಾರಿಗಳು. ಎಲ್ಲರೂ ಅವರನ್ನು ಸಾಹೇಬ್ರು ಎನ್ನುತ್ತಿದ್ದರು, ನಾನೂ. ಧಣಿಗಳ ತಂದೆಯ ಕಾಲದಿಂದ ಇದ್ದವರು. ಯಾವ ಅಂಗಡಿಯವನ ಮಗಳ ಮದುವೆ ಯಾವಾಗ, ಯಾರು ರಜೆಗೆ ಊರಿಗೆ ಬಂದಿದ್ದಾರೆ, ಯಾರಿಗೆ ದಪ್ಪ ಅಕ್ಕಿ ಬೇಕು, ಎಲ್ಲ ಅವರ ಬಾಯಲ್ಲಿ. ಅಂಗಡಿಯವರು ಮಧ್ಯಾಹ್ನದ ನಿದ್ದೆ ಮುಗಿಸಿ, ಅಸರ್ ನಮಾಜು ಕಳೆದ ಮೇಲೆ ಕುಳಿತು ಆರ್ಡರು ಬರೆಯುವವರು. ಅಲ್ಲಿಯ ಇಳಿಹೊತ್ತೆಂದರೆ ಇಲ್ಲಿಯ ಸಂಜೆ. ಅದಕ್ಕಾಗಿಯೇ ಸಾಹೇಬ್ರು ಎಲ್ಲರೂ ಹೋದ ಮೇಲೂ ಕುಳಿತಿರುತ್ತಿದ್ದರು. ಆರ್ಡರು ಬಂದ ಸಂಜೆಯೇ, ಆಗುತ್ತದೆ ಎಂದೋ ಆಗುವುದಿಲ್ಲ ಎಂದೋ ಉತ್ತರ ಹೋಗಬೇಕು. ಹೋಗದಿದ್ದರೆ ಅಂಗಡಿಯವರು ಬೇರೆಯವರನ್ನು ಕೇಳುತ್ತಾರೆ. ಆ ಬೇರೆಯವರು ಎಂದರೆ, ಹೆಚ್ಚಿನ ಸಲ, ಫರಂಗಿಪೇಟೆಯಲ್ಲಿ ಇದೇ ವ್ಯಾಪಾರ ಮಾಡುತ್ತಿದ್ದ ಸಾಹೇಬ್ರ ಭಾವ. ಹೆಂಡತಿಯ ಅಣ್ಣ.

ಮಳೆಗಾಲ ಸುರುವಾದ ಮೇಲೆ ಒಂದರ ಹಿಂದೆ ಒಂದರಂತೆ ಆರ್ಡರುಗಳು ಭಾವನ ಪಾಲಾದವು.

ಧಣಿಗಳು ಕಂಪ್ಯೂಟರಿನ ಮುಂದೆ ಕೂರುವವರಲ್ಲ. ಮೇಲ್‌ಗಳನ್ನು ಪ್ರಿಂಟ್ ತೆಗೆಸಿ, ಕನ್ನಡಕ ಹಣೆಗೇರಿಸಿ ಓದುವವರು. ಒಂದು ಬೆಳಿಗ್ಗೆ ಅವರು ನನ್ನನ್ನು ಕರೆದು ಒಂದು ಹಾಳೆಯನ್ನು ಮುಂದೆ ತಳ್ಳಿದರು. ಮೇಲೆ ಹಿಂದಿನ ದಿನದ ಸಂಜೆಯ ಹೊತ್ತು ಅಚ್ಚಾಗಿತ್ತು. ಸಾಹೇಬ್ರು ಇದು ಈಗಷ್ಟೇ ಬಂತು ಎನ್ನುತ್ತಾರೆ, ಹಾಗಾದರೆ ರಾತ್ರಿಯಿಡೀ ಇದು ಎಲ್ಲಿತ್ತು ಎಂದು ಕೇಳಿದರು. ಕಳಿಸಿದ ಹೊತ್ತು ಬೇರೆ, ತಲುಪಿದ ಹೊತ್ತು ಬೇರೆ, ನಮ್ಮ ಸರ್ವರು ಅದನ್ನು ಬಾಗಿಲಲ್ಲಿ ನಿಲ್ಲಿಸಿತ್ತು ಎಂದು ನಾನು ವಿವರಿಸಿದೆ. ಅವರು ತಲೆಯಾಡಿಸಿದರು, ನಂಬಿದಂತೆ ಕಾಣಲಿಲ್ಲ.

“ಸಂಜೆ ಹೊರಟ ಮೇಲ್ ಬೆಳಿಗ್ಗೆ ಮುಟ್ಟುದಾದ್ರೆ ಅದಕ್ಕೆ ಬಸ್ಸೇ ಸಾಕಿತ್ತಲ್ಲ,” ಎಂದರು. “ನಿಲ್ಲಿಸಿದ್ದು ಮಿಷನ್ನಾ, ಮನುಷ್ಯನಾ? ಅಷ್ಟು ಹೇಳಿ ನನಗೆ.”

ನಾನು ಮೊದಲು ಮಿಷನ್ನನ್ನೇ ಸಂಶಯಿಸಿದೆ. ಮಳೆಗೆ ಟೆಲಿಫೋನ್ ಲೈನು ಹಾಳಾಗಿರಬಹುದು ಎಂದುಕೊಂಡೆ, ಲೈನು ಸರಿಯಿತ್ತು. ಕಪ್ಪುಪಟ್ಟಿಗಳಲ್ಲಿ ಯಾವುದೋ ಒಂದು ಮುಚ್ಚಿಹೋಗಿ ಉತ್ತರ ಕೊಡುತ್ತಿಲ್ಲವೇನೋ ಎಂದು ಒಂದೊಂದನ್ನೇ ಬಿಟ್ಟು ನೋಡಿದೆ. ಹಗಲಿನಲ್ಲಿ ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಡುತ್ತಿದ್ದವು. ಸಂಜೆ ಕಸದ ಮೇಲ್ ಹೆಚ್ಚು ಬಂದು ಫಿಲ್ಟರು ಸೋಲುತ್ತಿದೆಯೇ ಎಂದು ನೋಡಿದೆ; ಅದೂ ಅಲ್ಲ. ಕೊನೆಗೆ ಪ್ಯಾಸೇಜಿನ ಹಳೆಯ ಕಂಪ್ಯೂಟರಿನ ದಾಖಲೆಯನ್ನು ತೆರೆದೆ. ಅದು ಒಂದು ದಿನವೂ ಆರಿರಲಿಲ್ಲ. ಆದರೆ ಪ್ರತಿದಿನ ಹೊತ್ತು ಕಂತುವ ಸುಮಾರಿಗೆ ಅದರ ಕೇಬಲ್ಲಿನ ಸಂಪರ್ಕ ತಪ್ಪುತ್ತಿತ್ತು. ಬೆಳಿಗ್ಗೆ, ಆಫೀಸು ತೆರೆಯುವ ಹೊತ್ತಿಗೆ, ಮರಳುತ್ತಿತ್ತು.

ಆಫೀಸಿನ ಬೀಗದ ಕೈ ಇದ್ದದ್ದು ಸಾಹೇಬ್ರ ಬಳಿ. ಬೆಳಿಗ್ಗೆ ತೆರೆಯುವವರು ಅವರೇ. ಸಂಜೆ, ಹೊತ್ತು ಕಂತಿದೊಡನೆ ಬರುವ ಮಗ್ರಿಬ್‌ನ ಹೊತ್ತಿಗೆ ಕುರ್ಚಿಯಿಂದ ಎದ್ದು, ಆ ಪ್ಯಾಸೇಜಿನಲ್ಲೇ ಹಾದು, ಹಿಂದಿನ ನಳ್ಳಿಯಲ್ಲಿ ಕೈಕಾಲು ತೊಳೆದು ಬಂದು, ಅಕ್ಕಿಯ ಮಾದರಿಗಳನ್ನು ಇಡುವ ಕೋಣೆಯಲ್ಲಿ ನಮಾಜು ಮಾಡುವವರೂ ಅವರೇ. ಯಂತ್ರ ಬರೆದ ಎರಡು ಹೊತ್ತುಗಳಲ್ಲೂ ಪ್ಯಾಸೇಜಿನಲ್ಲಿ ಇರುತ್ತಿದ್ದ ಮನುಷ್ಯ ಒಬ್ಬರೇ.

ಇನ್ನೊಂದು ವಿಷಯವೂ ಇತ್ತು. ಆ ಕೇಬಲ್ ತಪ್ಪಿದರೆ ಮೇಲ್ ನಿಲ್ಲುತ್ತದೆ ಎಂದು ಅವರಿಗೆ ಗೊತ್ತಿತ್ತು. ಹೇಳಿಕೊಟ್ಟವಳು ನಾನೇ. ಸೇರಿದ ಹೊಸತರಲ್ಲಿ ಚಹಾ ಕುಡಿಯುತ್ತಾ ಅವರು ಈ ಹಳೆಯ ಡಬ್ಬದ ಕೆಲಸ ಏನೆಂದು ಕೇಳಿದ್ದರು. ಪ್ರಶ್ನೆಯ ಮೇಲೆ ಪ್ರಶ್ನೆ. ನಾನು ಬಿಡಿಸಿ ಹೇಳಿದ್ದೆ. ಅವರು ನಕ್ಕು, “ಅಂದ್ರೆ ಇದು ಗೇಟಿನ ವಾಚ್‌ಮನ್. ಫೋನ್ ಮಾಡಿ ಕೇಳ್ತದೆ, ಬಿಡುದಾ ಬೇಡ್ವಾ ಅಂತ. ಫೋನ್ ಹೋಗದಿದ್ರೆ ಮದುಮಗ ಬಂದ್ರೂ ಗೇಟಲ್ಲೇ ಬಾಕಿ,” ಎಂದಿದ್ದರು. ಅದಕ್ಕಿಂತ ಚೆನ್ನಾಗಿ ನಾನು ಕೂಡ ಹೇಳಲಾರೆ. ಈಗ ಅದೇ ಮಾತು ನನ್ನ ತಲೆಯಲ್ಲಿ ಬೇರೆ ರೀತಿ ಕೇಳಿಸತೊಡಗಿತು.

ಒಮ್ಮೆ ಹಾಗೆ ನೋಡಲು ಸುರು ಮಾಡಿದರೆ ಎಲ್ಲವೂ ಹಾಗೆಯೇ ಕಾಣುತ್ತದೆ. ಅವರಿಗೆ ದಿನಕ್ಕೊಂದು ಸಲವಾದರೂ ಭಾವನ ಫೋನು ಬರುತ್ತಿತ್ತು. ಆಫೀಸಿನಲ್ಲಿ ನಮ್ಮೆಲ್ಲರ ಮಾತು ತುಳುವಿನಲ್ಲಿ. ಭಾವನ ಜೊತೆ ಮಾತ್ರ ಬ್ಯಾರಿ ಭಾಷೆ. ನನಗೆ ಅದು ಅರ್ಧ ಅರ್ಥವಾಗುತ್ತಿತ್ತು. ಅಕ್ಕಿ, ಮೇಲ್, ನಾಳೆ, ಇಷ್ಟು ಕಿವಿಗೆ ಬೀಳುತ್ತಿತ್ತು, ಆಮೇಲೆ ಅವರು ಬೇಸರದಲ್ಲಿ ಫೋನಿಟ್ಟುಬಿಡುತ್ತಿದ್ದರು. ಬೇಸರವೋ ನಟನೆಯೋ ಎಂದು ನಾನು ಸರ್ವರಿನ ಪರದೆಯ ಹಿಂದಿನಿಂದ ನೋಡುತ್ತಿದ್ದೆ.

ಅವರೂ ನನ್ನನ್ನು ನೋಡುತ್ತಿದ್ದರು. ಅದು ನನಗೆ ತಿಳಿದದ್ದು ಸ್ವಲ್ಪ ತಡವಾಗಿ. ಒಂದು ದಿನ ನಾನು ಅವರ ಮೇಜಿನ ಬಳಿ ಬಂದಾಗ ಅವರು ಓದುತ್ತಿದ್ದ ಮೇಲನ್ನು ಮುಚ್ಚಿಬಿಟ್ಟರು. ಇನ್ನೊಂದು ದಿನ ನೇರವಾಗಿಯೇ ಹೇಳಿದರು. ದನಿ ಎತ್ತಲಿಲ್ಲ, ಅಕ್ಕಿಯ ದರ ಹೇಳುವ ಹಾಗೆ ಹೇಳಿದರು.

“ಮೇಡಂ, ನೀವು ಬರುವ ಮೊದಲು ಕಸ ಬರ್ತಿತ್ತು, ಹೌದು. ಆದ್ರೆ ಅದರ ಒಟ್ಟಿಗೆ ಆರ್ಡರೂ ಬರ್ತಿತ್ತು. ನೀವು ಬಂದ ಮೇಲೆಯೇ ಇದು ಸುರು ಆದದ್ದು. ನಮ್ಮ ಮೇಲ್ ಎಲ್ಲ ಮೊದಲು ನಿಮ್ಮ ಕೈಯಲ್ಲೇ ಹೋಗುದಲ್ವಾ?”

ನಾನು ಯಾರ ಮೇಲನ್ನೂ ಓದುವುದಿಲ್ಲ ಎಂದೆ. ಓದಬಹುದು ಅಲ್ವಾ ಎಂದು ಕೇಳಿದರು. ಓದಬಹುದು, ಆದರೆ ಓದುವುದಿಲ್ಲ ಎಂದೆ. ಅವರು ತಲೆಯಾಡಿಸಿದರು. ನನ್ನ ಪ್ರಿಂಟಿನ ವಿವರಣೆಗೆ ಧಣಿಗಳು ತಲೆಯಾಡಿಸಿದ ರೀತಿಯಲ್ಲೇ.

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನು ಕೆಲಸಕ್ಕೆ ಸೇರಿದ್ದು, ಫಿಲ್ಟರು ಹೊರಗೆ ಕೇಳಲು ಸುರು ಮಾಡಿದ್ದು, ಮಳೆ ಹಿಡಿದದ್ದು, ಆರ್ಡರು ತಪ್ಪಿದ್ದು, ಎಲ್ಲ ಒಂದೇ ಸಮಯದಲ್ಲಿ. ಆ ಆಫೀಸಿನಲ್ಲಿ ಹೊಸಬಳು ನಾನೊಬ್ಬಳೇ.

ನೂಲು ಕಟ್ಟಿದ್ದು ಆ ಮಾತು ಆದ ಮೇಲೆ. ಬಿಳಿ ಹೊಲಿಗೆ ನೂಲು, ಕೇಬಲ್ಲಿನ ತಲೆಯಿಂದ ಕಂಪ್ಯೂಟರಿನ ಹಿಂದಿನ ಸ್ಕ್ರೂವಿಗೆ. ಹಲವು ಬೆಳಿಗ್ಗೆ ನೋಡಿದೆ. ನೂಲು ಹಾಗೆಯೇ ಇರುತ್ತಿತ್ತು, ದಾಖಲೆಯಲ್ಲಿ ಸಂಪರ್ಕ ಮಾತ್ರ ತಪ್ಪಿರುತ್ತಿತ್ತು. ಕೇಬಲ್ಲಿನ ಇನ್ನೊಂದು ತುದಿ ಹೋಗಿ ಸೇರುತ್ತಿದ್ದದ್ದು ಕಪಾಟಿನ ಮೇಲಿದ್ದ ಹಬ್ ಎಂಬ ಸಣ್ಣ ಪೆಟ್ಟಿಗೆಗೆ, ಹಸಿರು ದೀಪಗಳು ಮಿನುಗುವ, ಆ ಹಳೆಯ ಕಂಪ್ಯೂಟರನ್ನು ಮಾತ್ರ ಹೊರಗಿನ ಲೈನಿಗೆ ಸೇರಿಸುವ ಪೆಟ್ಟಿಗೆ. ಅಲ್ಲಿಗೂ ಒಂದು ನೂಲು ಕಟ್ಟಿದೆ. ಅದನ್ನೂ ಯಾರೂ ಮುಟ್ಟಿರಲಿಲ್ಲ. ಹಬ್ಬಿನ ಕರೆಂಟಿನ ಬಗ್ಗೆ ನನಗೆ ಯೋಚನೆಯೇ ಬರಲಿಲ್ಲ. ಗೋಡೆಯ ನಕ್ಷೆಯಲ್ಲಿ ಅದಕ್ಕೂ ಹಳೆಯ ಕಂಪ್ಯೂಟರಿಗೂ ಯು.ಪಿ.ಎಸ್ಸಿನಿಂದಲೇ ಗೆರೆ ಎಳೆದಿತ್ತು. ಕಂಪ್ಯೂಟರು ಆರಿರಲಿಲ್ಲ, ಆದ್ದರಿಂದ ಹಬ್ಬೂ ಆರಿರಲಾರದು. ಮನುಷ್ಯರನ್ನೆಲ್ಲ ಸಂಶಯಿಸಿದವಳು ಕಾಗದದ ಮೇಲಿನ ಗೆರೆಯನ್ನು ನಂಬಿದ್ದೆ.

ಇನ್ನೊಂದು ದೊಡ್ಡ ಆರ್ಡರು ಕೈತಪ್ಪಿದ ದಿನ ಧಣಿಗಳು ನನ್ನನ್ನು ಒಳಗೆ ಕರೆದರು. ಬಾಗಿಲು ಹಾಕಲು ಹೇಳಿದರು. ಅವರು ಆ ದಿನ ಕೋರ್ಟಿನ ಕೆಲಸಕ್ಕೆ ಬಂಟ್ವಾಳಕ್ಕೆ ಹೋಗುವವರಿದ್ದರು, ಮರುದಿನ ಬೆಳಿಗ್ಗೆ ವಾಪಸು. ಸಾಹೇಬ್ರನ್ನು ಸಿದ್ಧಕಟ್ಟೆಯ ಮಿಲ್ಲಿನ ಗೋಡೌನಿಗೆ ಹಾಕುವ ಯೋಚನೆ ಮಾಡಿದ್ದೇನೆ ಎಂದರು. ಮೂಟೆ ಎಣಿಸುವ ಕೆಲಸ. ಬಾಯಿಮಾತಿನಿಂದಲೇ ವ್ಯಾಪಾರ ನಡೆಸಿದ ಮನುಷ್ಯನನ್ನು ಗೋಡೌನಿನಲ್ಲಿ ಕೂರಿಸಿದರೆ ಅವರು ವಾರದೊಳಗೆ ತಾವಾಗಿ ಬಿಟ್ಟು ಹೋಗುತ್ತಾರೆ ಎಂದು ಧಣಿಗಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

“ತಂದೆಯ ಕಾಲದವ್ರು. ನನಗೆ ಮನಸ್ಸಿಲ್ಲ,” ಎಂದರು. “ಇವತ್ತು ನೀವು ಬಸ್ಸಿಗೆ ಹೋಗ್ಬೇಡಿ, ಅಮ್ಮನ ಒಟ್ಟಿಗೆ ಇಲ್ಲೇ ನಿಲ್ಲಿ. ಸಂಜೆ ನೋಡಿ. ನಾಳೆ ಬೆಳಿಗ್ಗೆ ಒಂದೇ ಮಾತು ಸಾಕು ನನಗೆ. ಅವರು ಹೌದಾ, ಅಲ್ವಾ.”

ಮುಂಡಾಜೆಯ ನಮ್ಮ ಪಕ್ಕದ ಮನೆಯ ಫೋನಿಗೆ ಮಾಡಿ, ಬರುವುದಿಲ್ಲವೆಂದು ನನ್ನ ಅಮ್ಮನಿಗೆ ತಿಳಿಸಿದೆ. ಕಾರಣ ಹೇಳಲಿಲ್ಲ.

ಧಣಿಗಳ ತಾಯಿಯೊಡನೆ ನಾನು ಅದುವರೆಗೆ ಮಾತಾಡಿದ್ದು ಕಡಿಮೆ. ಬಿಳಿ ಸೀರೆ, ಸಣ್ಣ ದೇಹ, ಹೆಜ್ಜೆಯ ಸದ್ದೇ ಇಲ್ಲದ ನಡಿಗೆ. ಸಂಜೆ ಇನ್ನೂ ಬೆಳಕಿರುವಾಗಲೇ ಅವರು ನನ್ನನ್ನು ಊಟಕ್ಕೆ ಎಬ್ಬಿಸಿದರು. ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ನಾನು ಪ್ಯಾಸೇಜಿನ ಬಾಗಿಲು ಕಾಣುವ ಹಾಗೆ ಮಣೆ ಹಾಕಿಕೊಂಡು ಕುಳಿತೆ. ಅವರು ಬಡಿಸಿದರು. ಅನ್ನ, ತೊವ್ವೆ, ಹೀರೆಕಾಯಿಯ ಪಲ್ಯ. ಮಳೆಗಾಲ ಮುಗಿಯುವವರೆಗೆ ಸೊಪ್ಪಿಲ್ಲ ಮಗಾ, ಹುಳ ಇರ್ತದೆ ಎಂದರು, ಕ್ಷಮೆ ಕೇಳುವ ಹಾಗೆ. ಬಡಿಸಿ ಮುಗಿಸಿ, ತಾವು ಕೂರುವ ಮೊದಲು ಎದ್ದು ಹೋಗಿ ಪ್ಯಾಸೇಜಿನ ಲೈಟನ್ನು ಆರಿಸಿ ಬಂದರು. ನನ್ನ ಬಾಗಿಲು ಕಪ್ಪಾಗಿಹೋಯಿತು.

ನನಗೆ ಸಿಟ್ಟು ಬಂತು. ನೋಡಲೆಂದೇ ಕೂತವಳ ಮುಂದಿನ ಬೆಳಕನ್ನೇ ಆರಿಸಿದರೆ ಹೇಗೆ? ಒಂದು ಕ್ಷಣ ಇವರಿಗೂ ಇದರಲ್ಲಿ ಏನೋ ಇದೆಯೇ ಎನಿಸಿತು. ಲೈಟು ಯಾಕೆ ಆರಿಸಿದಿರಿ ಎಂದು ಕೇಳಿದೆ.

“ಬೆಳಕು ಕಂಡ್ರೆ ರೆಕ್ಕೆಹುಳ ಬರ್ತಾವೆ ಮಗಾ, ಬಂದ್ರೆ ಸಾಯ್ತಾವೆ. ನಾವಿಲ್ಲಿ ಕೂತು ಉಣ್ಣುದು, ಅವು ಅಲ್ಲಿ ಬಿದ್ದು ಸಾಯುದು, ಎಂತ ಚಂದ ಅದು? ಮಳೆ ಸುರು ಆದ್ರೆ ನಾನು ಹಾಗೇ. ಬೆಳಿಗ್ಗೆ ಸಾಹೇಬ್ರು ಬಂದು ಹಾಕ್ತಾರೆ.”

ಅಷ್ಟರಲ್ಲಿ ಪ್ಯಾಸೇಜಿನ ಕತ್ತಲಲ್ಲಿ ಚಪ್ಪಲಿಯಿಲ್ಲದ ಹೆಜ್ಜೆಗಳು ಕೇಳಿದವು. ನಾನು ಕೈತೊಳೆದು ಬಾಗಿಲಿಗೆ ಬಂದೆ. ಸಾಹೇಬ್ರು ನಳ್ಳಿಯಿಂದ ವಾಪಸು ಬರುತ್ತಿದ್ದರು. ಒದ್ದೆ ಕೈಗಳನ್ನು ಮೈಗೆ ತಾಗದಂತೆ ಮುಂದೆ ಹಿಡಿದು, ಗೋಡೆಯನ್ನೂ ಮುಟ್ಟದೆ, ಕಣ್ಣು ಕಟ್ಟಿದರೂ ನಡೆಯಬಲ್ಲವರ ಹಾಗೆ. ಕಂಪ್ಯೂಟರಿನ ಸ್ಟ್ಯಾಂಡಿನ ಬಳಿ ಅವರು ನಿಲ್ಲಲಿಲ್ಲ. ನನ್ನನ್ನು ಕಂಡಾಗ ನಿಂತರು.

ಲೈಟು ಹಾಕಬೇಕೇ ಎಂದು ಕೇಳಿದೆ.

“ಬೇಡ, ಬೇಡ. ಅಮ್ಮ ಲೈಟು ಆಫ್ ಮಾಡಿದ್ರೆ ನನಗೆ ಬಾಂಕಿಗೆ ಹತ್ತಿರ ಆಯ್ತು ಅಂತ ಲೆಕ್ಕ. ಮಳೆಯಲ್ಲಿ ಮಸೀದಿಯಲ್ಲಿ ಬಾಂಕು ಕೂಗುದು ಇಲ್ಲಿವರೆಗೆ ಕೇಳುದಿಲ್ಲ. ಇದೇ ನನ್ನ ಗಡಿಯಾರ.”

ಅವರು ನಮಾಜಿಗೆ ಹೋದರು. ನಾನು ಅಲ್ಲಿಯೇ ನಿಂತೆ. ಕಣ್ಣು ಕತ್ತಲೆಗೆ ಹೊಂದಿಕೊಂಡಿತು, ಆದರೂ ಏನೂ ಕಾಣಲಿಲ್ಲ. ಏನೂ ಕಾಣದಿರುವುದೇ ಸರಿಯಿಲ್ಲ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಕಂಪ್ಯೂಟರಿನ ಒಂದು ಕೆಂಪು ಚುಕ್ಕೆ ಮಾತ್ರ ಇತ್ತು. ಕಪಾಟಿನ ಮೇಲೆ ಹಬ್ಬಿನ ಹಸಿರು ಚುಕ್ಕೆಗಳು ಇರಲಿಲ್ಲ.

ಗೋಡೆ ತಡವಿ ಸ್ವಿಚ್ ಹಾಕಿದೆ. ಟ್ಯೂಬ್‌ಲೈಟ್ ಎರಡು ಸಲ ಮಿಟುಕಿ ಹತ್ತಿಕೊಂಡಿತು. ಅದರ ಜೊತೆಗೇ ಹಬ್ಬಿನ ದೀಪಗಳೂ ಒಂದೊಂದಾಗಿ ಎದ್ದವು. ಆರಿಸಿದೆ. ಅವೂ ಆರಿದವು. ಒಳಗಿನಿಂದ ಅಮ್ಮ ಯಾರದು ಲೈಟು ಹಾಕಿದ್ದು ಎಂದು ಕೇಳಿದರು. ನಾನೇ ಎಂದೆ. ಅಷ್ಟರಲ್ಲಿ ಎಲ್ಲಿಂದಲೋ ನಾಲ್ಕಾರು ರೆಕ್ಕೆಹುಳುಗಳು ಬಂದು ಗೋಡೆಗೆ ಬಡಿದುಕೊಳ್ಳುತ್ತಿದ್ದವು.

ಟಾರ್ಚ್ ಹಿಡಿದು ಕಪಾಟಿನ ಹಿಂದೆ ನೋಡಿದೆ. ಹಬ್ಬಿನ ವಯರು ಯು.ಪಿ.ಎಸ್ಸಿನ ಕಡೆಗೆ ಹೋಗಿರಲೇ ಇಲ್ಲ. ಹತ್ತಿರವಿತ್ತೆಂದು ಮಂಗಳೂರಿನಿಂದ ಬಂದವರು ಅದನ್ನು ಟ್ಯೂಬ್‌ಲೈಟಿನ ಬೋರ್ಡಿನಲ್ಲಿ ಸಿಕ್ಕಿಸಿ, ಕಪಾಟು ಅಡ್ಡ ಇಟ್ಟು ಹೋಗಿದ್ದರು. ಆ ಬೋರ್ಡಿನಲ್ಲಿ ಲೈಟಿಗೂ ಪ್ಲಗ್ಗಿಗೂ ಒಂದೇ ಸ್ವಿಚ್. ಹಗಲಿಡೀ ಲೈಟು ಉರಿಯುವ ಜಾಗವಾದ್ದರಿಂದ ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಮಳೆಗಾಲದ ಮುಸ್ಸಂಜೆಗೆ ಹುಳುಗಳ ಜೀವ ಉಳಿಸಲು ಅಮ್ಮ ಲೈಟು ಆರಿಸುತ್ತಾರೆ, ಅದನ್ನು ನೋಡಿ ಸಾಹೇಬ್ರು ನಮಾಜಿಗೆ ಏಳುತ್ತಾರೆ, ಬೆಳಿಗ್ಗೆ ಬಂದು ತಮ್ಮ ಕೈಯಿಂದಲೇ ಲೈಟು ಹಾಕುತ್ತಾರೆ. ನಡುವೆ ಇಡೀ ರಾತ್ರಿ ಫಿಲ್ಟರು ಉತ್ತರಕ್ಕೆ ಕಾಯುತ್ತದೆ.

ಟಾರ್ಚ್ ಆರಿಸಿ ತಿರುಗಿದಾಗ ಸಾಹೇಬ್ರು ಮಾದರಿ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

“ಎಂತ ಹುಡುಕುದು ಮೇಡಂ?”

ಒಂದು ವಯರು ಎಂದೆ.

“ಆ ನೂಲು ಕಟ್ಟಿದ್ದು ನೀವೇ ಅಲ್ವಾ?” ಎಂದರು. “ನಾನು ದಿನಾ ನೋಡ್ತೇನೆ. ಮುಟ್ಟಲಿಲ್ಲ. ಮುಟ್ಟಿದ್ರೆ ನೀವು ಬರ್ದಿಡ್ತೀರಿ ಅಂತ ಗೊತ್ತುಂಟು.”

ಅವರು ಮಾತು ನಿಲ್ಲಿಸಲಿಲ್ಲ. ನಮ್ಮಿಂದ ಉತ್ತರ ಹೋಗದಿದ್ದರೆ ಅಂಗಡಿಯವರು ಏನು ಮಾಡಬೇಕು, ಊರಿನ ನಂಬರು ಅವರಲ್ಲಿ ಇರುವುದು ಇಬ್ಬರದೇ, ಒಬ್ಬ ಉತ್ತರ ಕೊಡದಿದ್ದರೆ ಇನ್ನೊಬ್ಬನಿಗೆ ಫೋನ್ ಮಾಡುತ್ತಾರೆ ಎಂದರು. ಆಮೇಲೆ ಭಾವ ಇವರಿಗೆ ಫೋನ್ ಮಾಡಿ, ನಿನ್ನ ಧಣಿಯ ಕಂಪ್ಯೂಟರಿಗೆ ಅಕ್ಕಿ ಬೇಯಿಸಲು ಹೇಳು, ಅದಾದರೂ ಬರುತ್ತದೋ ನೋಡುವ ಎಂದು ಗೇಲಿ ಮಾಡುತ್ತಿದ್ದನಂತೆ. ನಾನು ಪರದೆಯ ಹಿಂದಿನಿಂದ ಅರ್ಧ ಕೇಳಿಸಿಕೊಳ್ಳುತ್ತಿದ್ದ ಮಾತು ಅದು.

“ಮಿಲ್ಲಿಗೆ ಹಾಕುವ ಯೋಚನೆ ಉಂಟು ಧಣಿಗಳಿಗೆ. ನನಗೆ ಗೊತ್ತುಂಟು,” ಎಂದು ಅವರು ಟೋಪಿ ತೆಗೆದು ಕಿಸೆಗೆ ಹಾಕಿಕೊಂಡರು. “ನೀವು ನಾಳೆ ಎಂತ ಹೇಳ್ತೀರಿ ಅಂತ ಗೊತ್ತಿಲ್ಲ.”

ನೀವಲ್ಲ ಎಂದು ಹೇಳುತ್ತೇನೆ ಎಂದೆ. ಯಾರು ಎಂದು ಅವರು ಕೇಳಲಿಲ್ಲ. ಆರಿದ್ದ ಟ್ಯೂಬ್‌ಲೈಟಿನ ಕಡೆಗೆ ಒಮ್ಮೆ ನೋಡಿದರು, ಒಳಗೆ ಅಮ್ಮ ಪಾತ್ರೆ ಎತ್ತಿಡುವ ಸದ್ದಿನ ಕಡೆಗೆ ಒಮ್ಮೆ. ಬಸ್ಸಿಗೆ ಹೊತ್ತಾಯಿತೆಂದು ಕೊಡೆ ಹಿಡಿದು ಹೊರಟುಹೋದರು.

ಮರುದಿನ ಬೆಳಿಗ್ಗೆ ಯಾರೂ ಬರುವ ಮೊದಲೇ ನಾನು ಕಪಾಟನ್ನು ಒಂದು ಗೇಣು ಎಳೆದು, ಹಬ್ಬಿನ ವಯರನ್ನು ಲೈಟಿನ ಬೋರ್ಡಿನಿಂದ ಕಿತ್ತು, ಗೋಡೆಯ ಬುಡದಲ್ಲಿ ಒಯ್ದು ಯು.ಪಿ.ಎಸ್ಸಿಗೆ ಸಿಕ್ಕಿಸಿದೆ. ಅಮ್ಮನನ್ನು ಕರೆದು ಲೈಟು ಒಮ್ಮೆ ಹಾಕಿ ಒಮ್ಮೆ ಆರಿಸಲು ಹೇಳಿದೆ. ಯಾಕೆಂದು ಕೇಳದೆ ಅವರು ಹಾಗೆ ಮಾಡಿದರು. ಹಸಿರು ದೀಪಗಳು ಅಲುಗಾಡಲಿಲ್ಲ. ಅವರು ಆ ಚುಕ್ಕೆಗಳನ್ನು ನೋಡುತ್ತಿದ್ದುದನ್ನು ಕಂಡು, ಅವಕ್ಕೂ ಹುಳುಗಳು ಬಾರದಿರಲೆಂದು ಹಬ್ಬನ್ನು ಗೋಡೆಗೆ ಮುಖ ಮಾಡಿಸಿ ಮುಂದೆ ಒಂದು ರಟ್ಟಿನ ತುಂಡು ನಿಲ್ಲಿಸಿದೆ. ಆಮೇಲೆ ಎರಡೂ ನೂಲುಗಳನ್ನು ಕತ್ತರಿಸಿ ತೆಗೆದೆ. ಗೋಡೆಯ ನಕ್ಷೆಯಲ್ಲಿ ಹಬ್ಬಿಗೆ ಎಳೆದಿದ್ದ ಗೆರೆ ಈಗಷ್ಟೇ ನಿಜವಾಗಿತ್ತು.

ಧಣಿಗಳು ಬಂಟ್ವಾಳದಿಂದ ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದೆ. ಅವರಲ್ಲ. ಯಾರೂ ಅಲ್ಲ, ಸ್ವಿಚ್ ಎಂದೆ. ಸ್ವಿಚ್ ತನ್ನಷ್ಟಕ್ಕೆ ಆರುತ್ತದೆಯೇ ಎಂದು ಅವರು ಕೇಳಿದರು. ನಾನು ಕರೆದುಕೊಂಡು ಹೋಗಿ ತೋರಿಸಿದೆ. ಸಂಜೆ ಆ ಲೈಟು ಆರಿಸುವವರು ಯಾರೆಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ. ಅವರು ಬೋರ್ಡನ್ನು ನೋಡಿ, ಕಪಾಟನ್ನು ತಾವೇ ಮತ್ತೆ ಗೋಡೆಗೆ ತಳ್ಳಿಟ್ಟರು.

“ಅಮ್ಮನಿಗೆ ಇದು ಗೊತ್ತಾಗುದು ಬೇಡ,” ಎಂದರು.

ಸಾಹೇಬ್ರಿಗೆ ಮಾತ್ರ ನೀವೇ ಹೇಳಬೇಕು ಸರ್ ಎಂದೆ. ಅವರು ಸಾಹೇಬ್ರ ಮೇಜಿನವರೆಗೆ ಹೋಗಿ, ಅಲ್ಲಿದ್ದ ಅಕ್ಕಿಯ ಮಾದರಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಮಿಲ್ಲಿಗೆ ಬೇರೆ ಜನ ನೋಡ್ತೇನೆ, ನೀವು ಇಲ್ಲೇ ಇರಿ ಎಂದರು. ಅಷ್ಟೇ. ಸಾಹೇಬ್ರು ಸರಿ ಎಂದರು, ಅಷ್ಟೇ.

ಧಣಿಗಳು ಒಳಗೆ ಹೋದ ಮೇಲೆ ನಾನು ಸಾಹೇಬ್ರ ಬಳಿ ಹೋಗಿ, ನಿಮ್ಮ ಪಾಸ್‌ವರ್ಡು ನಾನು ಇಟ್ಟದ್ದು, ಅದು ನನಗೆ ಗೊತ್ತಿದೆ, ಈಗ ನೀವೇ ಬೇರೆ ಹಾಕಿಕೊಳ್ಳಿ ಎಂದೆ. ಎಲ್ಲಿ ಬರೆಯಬೇಕೆಂದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಕೀಬೋರ್ಡಿನ ಮೇಲೆ ಬೆರಳಿಟ್ಟು, ನನ್ನ ಮುಖ ನೋಡಿದರು. ನಾನು ತಿರುಗಿ ಗೋಡೆಯ ಕ್ಯಾಲೆಂಡರಿನ ಕಡೆಗೆ ಮುಖ ಮಾಡಿ ನಿಂತೆ. ಒಂದೇ ಬೆರಳಿನಲ್ಲಿ, ಒಂದೊಂದಾಗಿ ಕೀಲಿಗಳು ಒತ್ತುವ ಸದ್ದು ಕೇಳುತ್ತಿತ್ತು. ಆಯ್ತು ಎಂದು ಅವರು ಹೇಳುವವರೆಗೂ ನಾನು ತಿರುಗಲಿಲ್ಲ.